ಇಬ್ಬರು ಅನಂತಸ್ವಾಮಿ

ಅಜ್ಜಂಪುರದಲ್ಲಿ ಸಂಜೆಯ ಹೊತ್ತು ಕಳೆಯಲು ಸಂಗತಿಗಳಿಗೆ ಬರವಿಲ್ಲ. ಈರುಳ್ಳಿಗೆ ಎಷ್ಟಾಯ್ತು, ಅಡಿಕೆಗೆ ಎಷ್ಟಾಯ್ತು ಎಂದು ವಿಚಾರಿಸಿಕೊಂಡೇ ರಾತ್ರಿ ಊಟದ ಹೊತ್ತು ಮಾಡಬಹುದು. ನನಗೆ ಅದಕ್ಕಿಂತ ರುಚಿಯಾದ ಕೆಲಸವೊಂದಿದೆ: ಹಾಡುಗಳಿಗೆ ಹೆಸರು ಬರೆಯುವುದು. ಕ್ಯಾಸೆಟ್ಟಿನಿಂದ ಇಳಿಸಿದವು, ಸಿಡಿಯಿಂದ ಬಂದವು, ಭದ್ರಾವತಿ ಆಕಾಶವಾಣಿಯಿಂದ ಟೇಪಿಗೆ ಹಿಡಿದವು, ಹೀಗೆ ಕಂಪ್ಯೂಟರಿನ ತುಂಬ ಭಾವಗೀತೆಗಳಿವೆ. ಒಂದೊಂದರೊಳಗೂ ಈ ಹೆಸರುಗಳನ್ನು ಬರೆದಿಡಲು ಟ್ಯಾಗ್ ಎಂಬ ಕಣ್ಣಿಗೆ ಕಾಣದ ಚೀಟಿ ಇರುತ್ತದೆ.

"ಹೆಸರು ಬರೀದಿದ್ರೆ ಹಾಡು ಕೇಳ್ಸಲ್ವೇನ್ರೀ?" ಎಂದು ಮನೆಯಾಕೆ ಕೇಳುವುದುಂಟು. ಕೇಳಿಸುತ್ತದೆ. ಆದರೆ ಸಿ. ಅಶ್ವತ್ಥರ ಆ ಕಂಠ ಪರದೆಯ ಮೇಲೆ ಬರೀ 'ಟ್ರ್ಯಾಕ್ 07' ಆಗಿ ಕೂತಿದ್ದರೆ ನನಗೆ ತಡೆಯಲಾಗುವುದಿಲ್ಲ.

ಭಾವಗೀತೆಗೆ ಒಡೆಯರು ಮೂವರು: ಬರೆದ ಕವಿ, ರಾಗ ಹಾಕಿದವರು, ಹಾಡಿದವರು. ಈ ಮೂವರನ್ನೂ ಅವರವರ ಜಾಗದಲ್ಲಿ ಕೂರಿಸುವುದರಲ್ಲೇ ಇದರ ಸುಖ. ಟ್ಯಾಗ್ ಹುಟ್ಟಿದಾಗ ಇದಕ್ಕೆ ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಎಂಪಿ3 ಫೈಲಿನ ಬಾಲಕ್ಕೆ 128 ಬೈಟಿನ ತುಣುಕೊಂದನ್ನು ಅಂಟಿಸಿದ. ಗುರುತಿಗೆ 3, ಹಾಡಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಕವಿಗೆ ಏನೂ ಇಲ್ಲ. ಪ್ರಕಾರವನ್ನು 0ಯಿಂದ 79ರವರೆಗಿನ ಪಟ್ಟಿಯಲ್ಲೇ ಆರಿಸಬೇಕು. ಅದರಲ್ಲಿ ಪೋಲ್ಕಾ ಇದೆ, 'ನಾಯ್ಸ್' ಎಂದು ಗದ್ದಲಕ್ಕೂ ಒಂದು ನಂಬರಿದೆ, ಭಾವಗೀತೆ ಇಲ್ಲ. ಕನ್ನಡಕ್ಕಂತೂ ಅದು ತಕ್ಕುದೇ ಅಲ್ಲ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಡಿಸು, ಕೊಂಬು, ವಿರಾಮಗಳೆಲ್ಲ ಪ್ರತ್ಯೇಕ ಲೆಕ್ಕ. ಮೈಸೂರು ಮಲ್ಲಿಗೆಯ ಕವಿಯ ಹೆಸರನ್ನು ಆ 30 ಬೈಟಿಗೆ ತುರುಕಿದರೆ 'ಕೆ.ಎಸ್. ನರಸಿ' ಎಂಬಲ್ಲಿಗೆ ಜಾಗ ಮುಗಿಯುತ್ತದೆ. ಸೊನ್ನೆಗೂ ಎಡೆಯಿಲ್ಲ.

1998ರಲ್ಲಿ ಬಂದ ಎರಡನೆಯ ರೂಪ ಬಾಲ ಬಿಟ್ಟು ಫೈಲಿನ ತಲೆಗೆ ಏರಿತು. ಗೀತರಚನೆಗೆ ಬೇರೆ ಮನೆ, ಸಂಯೋಜನೆಗೆ ಬೇರೆ ಮನೆ ಕೊಟ್ಟಿತು. ಒಳ್ಳೆಯದೇ ಆಯಿತು, ಆದರೆ ತಲೆಯ ಚೀಟಿ ಬಂದರೂ ಬಾಲದ ಚೀಟಿ ಹೋಗಲಿಲ್ಲ. ಹೆಸರು ತಿದ್ದಿ ಸೇವ್ ಕೊಟ್ಟರೂ ತಿದ್ದಿದ್ದು ಉಳಿಯದಿದ್ದರೆ ನನ್ನ ಮೊದಲ ಅನುಮಾನ ಅಲ್ಲೇ: ನಾನು ತಲೆಯನ್ನು ತಿದ್ದಿರುತ್ತೇನೆ, ಪ್ಲೇಯರ್ ಬಾಲವನ್ನು ಓದುತ್ತಿರುತ್ತದೆ.

ಎರಡನೆಯ ಅನುಮಾನ ಪ್ಲೇಯರಿನ ಮೇಲೇ. ಕೆಲವು ಪ್ಲೇಯರುಗಳು ನಾವು ತಿದ್ದಿದ್ದನ್ನು ತಮ್ಮ ಡೇಟಾಬೇಸಿನಲ್ಲಷ್ಟೇ ಬರೆದುಕೊಳ್ಳುತ್ತವೆ, ಫೈಲನ್ನು ಮುಟ್ಟುವುದೇ ಇಲ್ಲ. ಈರುಳ್ಳಿ ಮಂಡಿಯವರು ರೈತನ ಹೆಸರನ್ನು ಪುಸ್ತಕದಲ್ಲಿ ಬರೆದು ಚೀಲದ ಮೇಲೆ ಬರೆಯದಿದ್ದರೆ, ಚೀಲ ಬೇರೆ ಅಂಗಡಿಗೆ ಹೋದ ಗಳಿಗೆಯಲ್ಲಿ ಅದು ಯಾರದೋ ಆಗುತ್ತದೆ, ಇದೂ ಹಾಗೆಯೇ. ಇದನ್ನು ಪತ್ತೆ ಮಾಡುವುದು ಸುಲಭ. ಫೈಲನ್ನು ಪೆನ್ ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಗುಟ್ಟು ರಟ್ಟಾಗುತ್ತದೆ.

ಉಳಿದವು ಸಣ್ಣಪುಟ್ಟ ತಂಟೆಗಳು. ಹಾಡು ಓಡುತ್ತಿರುವಾಗಲೇ ಅದರ ಹೆಸರು ತಿದ್ದಲು ಹೋದರೆ ಫೈಲು ಬೀಗ ಹಾಕಿಕೊಂಡಿರುತ್ತದೆ. ಹಳೆಯ ಎಂಪಿ3 ಸಿಡಿಗಳಿಂದ ನಕಲಾದವಕ್ಕೆ 'ಓದಲು ಮಾತ್ರ' ಎಂಬ ಮುದ್ರೆ ಬಿದ್ದಿರುತ್ತದೆ. ತಲೆಯ ಚೀಟಿಯ ಹಿಂದೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಹೊಸ ಹೆಸರು ಅದಕ್ಕಿಂತ ಉದ್ದವಾದರೆ ಇಡೀ ಫೈಲನ್ನೇ ಮತ್ತೆ ಬರೆಯಬೇಕಾಗುತ್ತದೆ. ಆಗ ಡಿಸ್ಕ್ ತುಂಬಿದ್ದರೆ, ಇಲ್ಲವೇ ಕರೆಂಟು ಹೋದರೆ, ಕೆಲಸ ಅರ್ಧಕ್ಕೇ ನಿಂತಂತೆ.

ಇವೆಲ್ಲವನ್ನೂ ದಾಟಿ ನನ್ನನ್ನು ಕಾಡಿದವರು ಮೈಸೂರು ಅನಂತಸ್ವಾಮಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎನಿಸಿಕೊಂಡ 1978ರ 'ನಿತ್ಯೋತ್ಸವ'ಕ್ಕೆ ಸಂಗೀತ ಕೊಟ್ಟವರು. ನನ್ನ ಪಟ್ಟಿಯಲ್ಲಿ ಅವರು ಇಬ್ಬರಾಗಿದ್ದರು. ಒಬ್ಬರ ಹೆಸರಿನಡಿ ರಾಶಿ ಹಾಡು, ಇನ್ನೊಬ್ಬರಡಿ ನಾಲ್ಕಾರು. ಅಕ್ಷರಕ್ಕೆ ಅಕ್ಷರ ಹೋಲಿಸಿದರೂ ವ್ಯತ್ಯಾಸವಿಲ್ಲ. ತಿದ್ದಿ ಸೇವ್ ಕೊಟ್ಟರೆ ಮತ್ತೆ ಇಬ್ಬರೂ ಹಾಜರು.

ಕಾರಣ ಇಷ್ಟೇ: ಯಾರೋ 'ನಂ' ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ ದುಂಡು. ಯಂತ್ರಕ್ಕೆ ಒಂದು ಅಕ್ಷರದ ಅಂಗ, ಇನ್ನೊಂದು ಲೆಕ್ಕದ ಅಂಕಿ. ನಾನು ತಿದ್ದಲು ಹೋದಾಗಲೆಲ್ಲ, ಮೊದಲೆರಡು ಅಕ್ಷರ ಬೀಳುವಷ್ಟರಲ್ಲಿ ಟ್ಯಾಗ್ ತಿದ್ದುವ ತಂತ್ರಾಂಶ ಉಪಕಾರ ಮಾಡಲು ಬಂದು ಹಳೆಯ ಹೆಸರನ್ನೇ ಪೂರ್ತಿ ಮಾಡಿಕೊಡುತ್ತಿತ್ತು. ಅಂದರೆ ಸೇವ್ ಆಗುತ್ತಲೇ ಇತ್ತು, ಆಗುತ್ತಿದ್ದದ್ದು ಅಂಕಿಯ ಅನಂತಸ್ವಾಮಿ. ಆ ನೆರವನ್ನು ಬಂದ್ ಮಾಡಿ, ಹುಡುಕಿ ಬದಲಿಸುವ ಗುಂಡಿಯಿಂದ ಅಂಕಿಗಳನ್ನೆಲ್ಲ ಒಟ್ಟಿಗೆ ಕಿತ್ತೆ. ಇಬ್ಬರೂ ಒಬ್ಬರಾದ ಆ ಕ್ಷಣದ ಖುಷಿಯನ್ನು ಹೇಳಿಕೊಳ್ಳಲು ಊರಿನಲ್ಲಿ ಯಾರೂ ಸಿಗಲಿಲ್ಲ ಎಂಬುದೊಂದೇ ಕೊರಗು.

ಕಾವ್ಯನಾಮಗಳದ್ದು ಇನ್ನೊಂದು ಮಜಾ. ಬೇಂದ್ರೆಯವರೂ ಅಂಬಿಕಾತನಯದತ್ತರೂ ಒಬ್ಬರೇ ಎಂದು ಪ್ಲೇಯರಿಗೆ ಹೇಳಿಕೊಡುವವರಾರು? ನಮ್ಮೂರಿನ ಹೆಸರು ಹೊತ್ತ ಅಜ್ಜಂಪುರ ಸೀತಾರಾಂ 'ಆನಂದ' ಆಗಿ ಕತೆಗಾರರೆಂದೇ ಹೆಸರಾಗಿ ನನ್ನನ್ನು ಉಳಿಸಿದರು. ಶಿಶುನಾಳ ಶರೀಫರದ್ದಂತೂ ಅನ್ಯಾಯವೇ. ಪೇಟೆಯಿಂದ ತಂದ ಫೈಲುಗಳಲ್ಲಿ, 1889ರಲ್ಲಿ ತೀರಿಕೊಂಡ ಅವರನ್ನೇ ಗಾಯಕರ ಮನೆಗೆ ತಳ್ಳಿ, ನಿಜಕ್ಕೂ ಹಾಡಿದ ಅಶ್ವತ್ಥರನ್ನೂ ಶಿವಮೊಗ್ಗ ಸುಬ್ಬಣ್ಣನವರನ್ನೂ ಬಿಟ್ಟೇಬಿಟ್ಟಿದ್ದರು. ಶರೀಫರನ್ನು ಗೀತರಚನೆಗೆ ಕರೆತಂದು, ಪ್ರಕಾರದ ಮನೆಯಲ್ಲಿ 'ತತ್ವಪದ' ಎಂದೇ ಬರೆದೆ. ಎರಡನೆಯ ರೂಪದಲ್ಲಿ ನಂಬರಿನ ಹಂಗಿಲ್ಲ.

ಕಾರಿನ ಪ್ಲೇಯರ್ ಮಾತ್ರ ಇನ್ನೂ ಬಗ್ಗಿಲ್ಲ. ಅದರಲ್ಲಿ ಕನ್ನಡದ ಫಾಂಟೇ ಇಲ್ಲ. ತರೀಕೆರೆಗೆ ಹೊರಟರೆ ದಾರಿಯುದ್ದಕ್ಕೂ ಚೌಕ ಚೌಕ ಡಬ್ಬಿಗಳನ್ನು ತೋರಿಸುತ್ತದೆ. "ಇದೂ ಸೇವ್ ಆಗಿಲ್ವಾ?" ಎನ್ನುತ್ತಾಳೆ ಪಕ್ಕದಲ್ಲಿ ಕೂತವಳು. ಆಗಿದೆ, ಓದಲು ಅದಕ್ಕೆ ಬರುವುದಿಲ್ಲ ಅಷ್ಟೆ ಎಂದು ವಿವರಿಸುವಷ್ಟರಲ್ಲಿ ಅವಳು ಮುಂದಿನ ಹಾಡಿಗೆ ಹೋಗಿರುತ್ತಾಳೆ.