ಕಾರಿನ ಬೀಗದ ಕೈ

ಎಪ್ಪತ್ತು ದಾಟಿದ ಮೇಲೆ ಮನೆಯವರು ನಮ್ಮ ಕೈಯಿಂದ ಒಂದೊಂದೇ ವಸ್ತುವನ್ನು ತೆಗೆದುಕೊಳ್ಳಲಾರಂಭಿಸುತ್ತಾರೆ. ಮೊದಲು ಸಕ್ಕರೆಯ ಡಬ್ಬಿ, ಆಮೇಲೆ ಅಟ್ಟದ ಏಣಿ, ಕೊನೆಗೆ ಕಾರಿನ ಬೀಗದ ಕೈ. ಸಕ್ಕರೆಯನ್ನೂ ಏಣಿಯನ್ನೂ ನಾನು ಹೆಚ್ಚು ತಕರಾರಿಲ್ಲದೆ ಬಿಟ್ಟುಕೊಟ್ಟೆ. ಬೀಗದ ಕೈಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಜಗಳವಾಯಿತು.

ಆದದ್ದಿಷ್ಟೆ. ಮೂವತ್ತು ವರ್ಷಗಳಿಂದ ನಿಂತಲ್ಲೇ ನಿಂತಿರುವ ನಮ್ಮ ಗೇಟಿನ ಕಂಬ ಒಂದು ಸಂಜೆ ನನ್ನ ಕಾರಿನ ಎಡಬಾಗಿಲನ್ನು ಉದ್ದಕ್ಕೂ ಗೀರಿತು. ಕಂಬವೇ ಗೀರಿತೆಂದು ನಾನು. ಕಂಬಕ್ಕೆ ಕಾಲಿಲ್ಲವೆಂದು ನನ್ನಾಕೆ. ನಲವತ್ತನಾಲ್ಕು ವರ್ಷ ವಾಹನ ನಡೆಸಿದವನು, ಲೈಸೆನ್ಸಿಗೆ ಇನ್ನೂ ಎರಡು ವರ್ಷ ಆಯುಸ್ಸಿದೆ, ಒಂದು ಕಂಬದ ಸಾಕ್ಷ್ಯದ ಮೇಲೆ ನನ್ನನ್ನು ಇಳಿಸುತ್ತೀರಾ ಎಂದು ಕೇಳಿದೆ. ವ್ಯಾಜ್ಯ ಇತ್ಯರ್ಥವಾಗುವ ಮೊದಲೇ ಸಿಡ್ನಿಯಲ್ಲಿರುವ ಮಗನ ಮನೆಗೆ ಹೊರಡುವ ದಿನ ಬಂತು. ಬೀಗದ ಕೈಯನ್ನು ನಾನು ನನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಹೊರಟೆ.

ಒಂದು ಶನಿವಾರ ಮಗ ನಮ್ಮನ್ನು ಬ್ಯಾಥರ್ಸ್ಟ್ ಎಂಬ ಊರಿಗೆ ಕರೆದುಕೊಂಡು ಹೋದ. ಸಿಡ್ನಿಯಿಂದ ಪಶ್ಚಿಮಕ್ಕೆ, ಬ್ಲೂ ಮೌಂಟನ್ಸ್ ಬೆಟ್ಟಸಾಲನ್ನು ದಾಟಿ, ಸುಮಾರು 200 ಕಿಲೋಮೀಟರು. ಅಲ್ಲಿ ಮೌಂಟ್ ಪನೊರಮಾ ಎಂಬುದೊಂದು ಗುಡ್ಡ. ಅದನ್ನೇರಿ, ನೆತ್ತಿಯ ಮೇಲೆ ಹಾವಿನಂತೆ ಹೊರಳಿ, ಇಳಿದು ಬರುವ 6.213 ಕಿಲೋಮೀಟರಿನ ಒಂದು ರಸ್ತೆ. ಕೆಳಗಿನ ತಿರುವಿಗೂ ಮೇಲಿನ ತಿರುವಿಗೂ 174 ಮೀಟರು ವ್ಯತ್ಯಾಸ. ಎಂದರೆ ಎರಡು ಕುತುಬ್ ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದು. 1938ರಿಂದ ಇಲ್ಲಿ ಮೋಟಾರು ಪಂದ್ಯಗಳು ನಡೆಯುತ್ತಿವೆ. ಆದರೆ ವಿನೋದವೆಂದರೆ, ಪಂದ್ಯವಿಲ್ಲದ ದಿನ ಅದು ಎಲ್ಲರೂ ಓಡಾಡುವ ಬೀದಿ. ಅಂಚಿನಲ್ಲಿ ಮನೆಗಳಿವೆ. ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ವೇಗ ಕೂಡದೆಂದು ಫಲಕ ಹಾಕಿದ್ದಾರೆ. ಪೋಲೀಸರು ಆ ಫಲಕವನ್ನು ನಂಬುವವರು.

ಗುಡ್ಡದ ಬುಡದಲ್ಲಿ ಮೋಟಾರು ಪಂದ್ಯಗಳ ವಸ್ತುಸಂಗ್ರಹಾಲಯವಿದೆ. ಅಲ್ಲಿ ಪೀಟರ್ ಬ್ರಾಕ್ ಎಂಬಾತನ ಕಂಚಿನ ಪ್ರತಿಮೆ. ನಾನು ಮೋಟಾರು ಪಂದ್ಯಗಳ ಅಭಿಮಾನಿಯಲ್ಲ. ಸುತ್ತಿದಲ್ಲೇ ಸುತ್ತುವುದಕ್ಕೆ ಗಾಣದೆತ್ತು ಸಾಕು, ಪೆಟ್ರೋಲೇಕೆ ಎಂಬ ಪಂಗಡದವನು. ಆದರೂ ಆ ದಿನ ಎರಡು ಗಂಟೆ ಅಲ್ಲಿಯೇ ನಿಂತೆ; ಆಮೇಲೆ ಮಗನ ಮನೆಯಲ್ಲಿ ಈ ಮನುಷ್ಯನ ವಿಚಾರವನ್ನು ರಾತ್ರಿಯೆಲ್ಲ ಓದಿದೆ.

ಈ ಪಂದ್ಯಗಳಲ್ಲಿ ಓಡುವುದು, ನಾವು ಚಿತ್ರಗಳಲ್ಲಿ ನೋಡುವ, ಮಿಡತೆಯಾಕಾರದ, ಒಬ್ಬನೇ ಕೂರುವ ಬಂಡಿಯಲ್ಲ. ಬಾಗಿಲು, ಡಿಕ್ಕಿ, ಮಾಡು ಎಲ್ಲವೂ ಇರುವ, ಸಂಸಾರಸ್ಥರ ಕಾರು. 1960ರಲ್ಲಿ ಫಿಲಿಪ್ ಐಲೆಂಡಿನಲ್ಲಿ 500 ಮೈಲಿಯ ಪಂದ್ಯವಾಗಿ ಇದು ಆರಂಭವಾಯಿತು; 1963ರಲ್ಲಿ ಈ ಗುಡ್ಡಕ್ಕೆ ಬಂತು; 1973ರಿಂದ 1000 ಕಿಲೋಮೀಟರಾಯಿತು. ಅಂಗಡಿಯಲ್ಲಿ ಮಾರುವ ಕಾರೇ ಓಡಬೇಕೆಂಬುದು ಮೊದಲ ದಿನಗಳ ನಿಯಮ. ಆದ್ದರಿಂದ ಬೇಲಿಯಾಚೆ ನಿಂತ ಗುಮಾಸ್ತನಿಗೆ ಓಡುತ್ತಿರುವುದು ತನ್ನ ಕೊಟ್ಟಿಗೆಯ ಕಾರೇ ಎಂಬ ಭಾವನೆ. ಅಲ್ಲಿನ ಮನೆಗಳಲ್ಲಿ ಹೋಲ್ಡನ್ ಪಕ್ಷ, ಫೋರ್ಡ್ ಪಕ್ಷ ಎಂಬ ಭೇದ ನಮ್ಮ ಸ್ಮಾರ್ತ ವೈಷ್ಣವ ಭೇದಕ್ಕಿಂತ ಬಲವಾಗಿತ್ತಂತೆ. ಬ್ರಾಕ್ ಹೋಲ್ಡನ್ ಪಕ್ಷದ ಆರಾಧ್ಯದೈವ.

ಹುಟ್ಟಿದ್ದು 1945ರಲ್ಲಿ, ಮೆಲ್ಬರ್ನಿನ ಹೊರಗೆ ಹರ್ಸ್ಟ್‌ಬ್ರಿಡ್ಜ್ ಎಂಬ ಹಳ್ಳಿಯ ಕಡೆ. ಹುಡುಗನಾಗಿದ್ದಾಗ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಕೊಂಡು, ಮೈ ಭಾರವಾಯಿತೆಂದು ಅದರ ತಗಡನ್ನು ಕೊಡಲಿಯಿಂದ ಕಡಿದು ಹಾಕಿದನಂತೆ. ಕಡ್ಡಾಯ ಸೈನ್ಯಸೇವೆ ಮುಗಿಸಿ ಬಂದವನು ಇನ್ನೊಂದು ಪುಟ್ಟ ಆಸ್ಟಿನ್ನಿನ ಹೊಟ್ಟೆಯೊಳಗೆ ದೊಡ್ಡ ಹೋಲ್ಡನ್ ಎಂಜಿನ್ನನ್ನು ತುರುಕಿ ಪಂದ್ಯಕ್ಕಿಳಿದ. ಇಲಿಗೆ ಹುಲಿಯ ಗುಂಡಿಗೆ ಹೊಲಿದಂತೆ. ಅದು ಗೆಲ್ಲುತ್ತ ಹೋಯಿತು. 1969ರಲ್ಲಿ ಹೋಲ್ಡನ್ ತಂಡದವರು ಕರೆದು ಬ್ಯಾಥರ್ಸ್ಟಿನಲ್ಲಿ ಮೊನಾರೊ ಕಾರಿಗೆ ಕೂರಿಸಿದರು. ಮೊದಲ ವರ್ಷವೇ ಮೂರನೆಯ ಸ್ಥಾನ. 1972ರಲ್ಲಿ, ಮಳೆಯಲ್ಲಿ, ಚಿಕ್ಕ ಟೊರಾನಾ ಕಾರನ್ನು ಒಬ್ಬನೇ 500 ಮೈಲಿ ನಡೆಸಿ, ದೊಡ್ಡ ದೊಡ್ಡ ಫಾಲ್ಕನ್ನುಗಳನ್ನು ಹಿಂದೆ ಹಾಕಿ ಗೆದ್ದ. ಆಮೇಲೆ ದೂರ ಹೆಚ್ಚಿತು, ಕಾರಿಗಿಬ್ಬರು ಸಾರಥಿಗಳೆಂದಾಯಿತು. 1975, 78, 79, 80, 82, 83, 84, 87: ಒಟ್ಟು ಒಂಬತ್ತು ಸಲ ಆ ಗುಡ್ಡ ಅವನದಾಯಿತು. ದೇಶದ ಚಾಂಪಿಯನ್ ಪದವಿ ಮೂರು ಸಲ.

ಅವನ ಕಾರಿನ ಸಂಖ್ಯೆ 05. ರಕ್ತದಲ್ಲಿ ಮದ್ಯಾಂಶ 0.05ಕ್ಕಿಂತ ಹೆಚ್ಚಿದ್ದರೆ ವಾಹನ ಮುಟ್ಟಬೇಡಿ ಎಂಬ ವಿಕ್ಟೋರಿಯಾ ರಾಜ್ಯದ ಪ್ರಚಾರಕ್ಕಾಗಿ ಅದನ್ನು ಬಾಗಿಲ ಮೇಲೆ ಬರೆಸಿಕೊಂಡಿದ್ದ. (ನಮ್ಮ ಕಾಯಿದೆಯ ಮಿತಿ 0.03, ನಾವು ಕಾಯಿದೆ ಬರೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ.) ಜನರಿಗೆ ರಸ್ತೆಯಲ್ಲಿ ನಿಧಾನವಾಗಿ ಹೋಗಿರೆಂದು ಹೇಳಲು ದೇಶದಲ್ಲೇ ಅತಿ ವೇಗವಾಗಿ ಹೋಗುವವನನ್ನು ಆರಿಸಿದ್ದು ಮೊದಲು ತಮಾಷೆಯಾಗಿ ಕಂಡಿತು. ಯೋಚಿಸಿದರೆ, ಇನ್ನಾರ ಮಾತನ್ನು ಯುವಕರು ಕೇಳುತ್ತಿದ್ದರು? ನನ್ನ ಮಾತನ್ನೇ?

ನನ್ನನ್ನು ಹಿಡಿದು ನಿಲ್ಲಿಸಿದ್ದು 1979ರ ಪಂದ್ಯ. ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಟೊರಾನಾದಲ್ಲಿ ಮೊದಲಿನಿಂದಲೂ ಮುಂದಿದ್ದರು. 163 ಸುತ್ತುಗಳ ಪಂದ್ಯ ಮುಗಿಯುತ್ತ ಬಂದಾಗ ಎರಡನೆಯವನು ಆರು ಸುತ್ತು ಹಿಂದೆ. ಆರು ಗಜವಲ್ಲ, ಆರು ಸುತ್ತು. ಎಂದರೆ 37 ಕಿಲೋಮೀಟರು. ಉಳಿದಿರುವುದು ಕೊನೆಯ ಸುತ್ತು. ಬುದ್ಧಿವಂತನಾದವನು ಏನು ಮಾಡಬೇಕು? ಎಂಜಿನ್ನನ್ನು ಮುದ್ದಿಸಿ, ಟೈರಿಗೆ ನೋವಾಗದಂತೆ, ತುಂಬುಗರ್ಭಿಣಿಯನ್ನು ತವರಿಗೆ ಕರೆದೊಯ್ಯುವ ಎತ್ತಿನ ಬಂಡಿಯವನಂತೆ ಗುರಿ ಮುಟ್ಟಬೇಕು. ಈ ಮಹಾಶಯ ಆ ಕೊನೆಯ ಸುತ್ತನ್ನು 2 ನಿಮಿಷ 21.1 ಸೆಕೆಂಡಿನಲ್ಲಿ ಮುಗಿಸಿದ. ಅದು ಆ ಪಂದ್ಯದಲ್ಲಿ ಅಲ್ಲಿಯವರೆಗಿನ ಅತಿ ವೇಗದ ಸುತ್ತು. ಏಳು ಗಂಟೆಗೆ ಸಮೀಪ ಹಣ್ಣಾದ ಕಾರು, ಎರಡು ಕಡೆಯೂ ಸಿಮೆಂಟಿನ ಗೋಡೆ, ಗೆಲ್ಲಬೇಕಾದದ್ದು ಆಗಲೇ ಗೆದ್ದಾಗಿತ್ತು. ಅಭಿಮಾನಿಗಳು ಇದನ್ನು ಪರಾಕ್ರಮವೆನ್ನುತ್ತಾರೆ. ನನಗೇಕೋ ಆ ಗಾಜಿನ ಮುಂದೆ ನಿಂತಾಗ ಬೇರೆ ಸಂದೇಹ ಬಂತು. ಅವನಿಗೆ ನಿಧಾನವಾಗಲು ಬರುತ್ತಿರಲಿಲ್ಲವೇನೋ.

1980ರಲ್ಲಿ ಹೋಲ್ಡನ್ ಕಂಪನಿ ಪಂದ್ಯಗಳಿಂದ ಕೈ ತೆಗೆದಾಗ ಬ್ರಾಕನೇ ತಂಡವನ್ನು ವಹಿಸಿಕೊಂಡ. ಮಾರಾಟಗಾರರ ನೆರವಿನಿಂದ ಕೊಮೊಡೋರ್ ಕಾರುಗಳನ್ನು ತಿದ್ದಿ ತೀಡಿ, ತನ್ನ ಹೆಸರಿಟ್ಟು ಮಾರಿಸಿದ. ಚೆನ್ನಾಗಿಯೇ ನಡೆದಿತ್ತು. ಏತನ್ಮಧ್ಯೆ ಸಿಗರೇಟು ಬಿಟ್ಟ, ಮದ್ಯ ಬಿಟ್ಟ, ಸಸ್ಯಾಹಾರಿಯಾದ. ಇಲ್ಲಿಯವರೆಗೆ ನಾವು ಬೆಂಗಳೂರಿನವರು ಮೆಚ್ಚಿ ತಲೆದೂಗಬಹುದು. ಆಮೇಲೆ ಒಂದು ಪೆಟ್ಟಿಗೆ ಬಂತು. ಅದರ ಹೆಸರು 'ಎನರ್ಜಿ ಪೋಲರೈಸರ್'. ಒಳಗಿದ್ದದ್ದು ಹರಳು ಮತ್ತು ಅಯಸ್ಕಾಂತ. ಅದನ್ನು ಎಂಜಿನ್ನಿನ ಬಳಿ ಕೂರಿಸಿದರೆ ಕಾರಿನ ಅಣುಗಳೆಲ್ಲ ಸಾಲಾಗಿ ನಿಂತು, ಕಾರು ಸರಾಗವಾಗಿ ಓಡುತ್ತದೆಂದು ಬ್ರಾಕ್ ಸಾರಿದ. ಸಾರಿದ್ದು ಮಾತ್ರವಲ್ಲ, ಮನಸಾ ನಂಬಿದ. ಕಂಪನಿಯ ಎಂಜಿನಿಯರುಗಳು ಪರೀಕ್ಷಿಸಿ, ಇದರಿಂದ ಏನೂ ಆಗದು ಎಂದರು. ಅವನು ಕೇಳಲಿಲ್ಲ. 1987ರ ಫೆಬ್ರವರಿಯಲ್ಲಿ ಪೆಟ್ಟಿಗೆಯಿಟ್ಟ ಹೊಸ ಕಾರನ್ನು ಬಿಡುಗಡೆ ಮಾಡಿಯೇಬಿಟ್ಟ. ಕಂಪನಿ ಸಂಬಂಧವನ್ನು ಕಡಿದುಕೊಂಡಿತು.

ನಗುವುದು ಸುಲಭ. ಆಯುಧಪೂಜೆಯ ದಿನ ನಾನೂ ಚಕ್ರದಡಿಗೆ ನಿಂಬೆಹಣ್ಣಿಟ್ಟವನೇ. ಆದರೆ ನಿಂಬೆಹಣ್ಣಿನಿಂದ ಮೈಲೇಜು ಹೆಚ್ಚುತ್ತದೆಂದು ನಾನಾಗಲಿ ನಮ್ಮ ಪುರೋಹಿತರಾಗಲಿ ಹೇಳಿದ್ದಿಲ್ಲ. ನನಗೆ ಸೋಜಿಗವೆನಿಸಿದ್ದು ಇದು: ಯಾವ ತಿರುವಿನಲ್ಲಿ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ಟೈರು ಯಾವಾಗ ಜಾರುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಬೆನ್ನಹುರಿಯಿಂದಲೇ ಅಳೆದವನು, ಎಂದೂ ಹೆಚ್ಚು ತಪ್ಪದವನು, ಎಂಜಿನಿಯರುಗಳ ಅಳತೆಗೋಲನ್ನು ಏಕೆ ನಂಬಬೇಕು? ಪೆಟ್ಟಿಗೆಯಿಟ್ಟ ಕಾರು ಚೆನ್ನಾಗಿ ಓಡುತ್ತದೆಂದು ಅವನ ಬೆನ್ನಹುರಿ ಹೇಳಿತು. ಅದುವರೆಗೆ ಅದು ಸುಳ್ಳು ಹೇಳಿದ್ದಿಲ್ಲ. ನಲವತ್ತನಾಲ್ಕು ವರ್ಷದ ಅನುಭವವೆಂದು ಮನೆಯಲ್ಲಿ ಕೂಗಾಡಿದವನಿಗೆ ಈ ತರ್ಕ ಅಪರಿಚಿತವೇನಲ್ಲ.

ಅದೇ 1987ರ ಅಕ್ಟೋಬರಿನಲ್ಲಿ ಅವನು ಕೊನೆಯ ಸಲ ಬ್ಯಾಥರ್ಸ್ಟ್ ಗೆದ್ದ. ಸ್ವಂತ ಕಾರು ಆರಂಭದಲ್ಲೇ ಕೆಟ್ಟಿತು. ತಂಡದ ಎರಡನೆಯ ಕಾರನ್ನು ಹತ್ತಿ, ಮಳೆ ಬಿದ್ದ ರಸ್ತೆಯ ಮೇಲೆ ಗೀರಿಲ್ಲದ ನುಣ್ಣನೆಯ ಟೈರುಗಳಲ್ಲೇ ಓಡಿಸಿ ಮೂರನೆಯವನಾಗಿ ಬಂದ. ಮುಂದಿದ್ದ ಎರಡು ಫೋರ್ಡುಗಳ ಚಕ್ರದ ಕಮಾನು ನಿಯಮಕ್ಕೆ ಹೊಂದಲಿಲ್ಲವೆಂದು ಕೆಲವು ತಿಂಗಳ ಮೇಲೆ ತೀರ್ಪಾಗಿ ಗೆಲುವು ಇವನ ಪಾಲಿಗೆ ಬಂತು. ಮುಂದೆ ಬಿಎಂಡಬ್ಲ್ಯು ಓಡಿಸಿದ, ವೈರಿಪಕ್ಷದ ಫೋರ್ಡನ್ನೂ ಓಡಿಸಿದ. ಭಕ್ತರು ಕಣ್ಣೀರು ಹಾಕಿದರು, ಆಮೇಲೆ ಕ್ಷಮಿಸಿದರು. 1991ರಲ್ಲಿ ಹೋಲ್ಡನ್ನಿಗೆ ಮರಳಿದ. 1997ರಲ್ಲಿ, 52ನೆಯ ವಯಸ್ಸಿನಲ್ಲಿ, ಸನ್ಮಾನಗಳೊಡನೆ ನಿವೃತ್ತನಾದ.

ನಿವೃತ್ತನಾದ ಎಂದೆನೆ? 2002ರಲ್ಲಿ ಮತ್ತೆ ಬ್ಯಾಥರ್ಸ್ಟಿಗೆ ಬಂದ. 2004ರಲ್ಲಿ ಇನ್ನೊಮ್ಮೆ. ಪಂದ್ಯವಿಲ್ಲದಾಗ ಹಳೆಯ ಕಾರುಗಳ ರ್‍ಯಾಲಿ. 2006ರ ಸೆಪ್ಟೆಂಬರ್ 8ರಂದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಹೊರಗೆ ಟಾರ್ಗಾ ವೆಸ್ಟ್ ರ್‍ಯಾಲಿಯಲ್ಲಿ ಒಂದು ಎಡತಿರುವಿನಲ್ಲಿ ಅವನ ಕಾರು ಜಾರಿ ಮರಕ್ಕೆ ಬಡಿಯಿತು. ಜೊತೆಗಾರ ಉಳಿದ. ಬ್ರಾಕ್ ಉಳಿಯಲಿಲ್ಲ. ವಯಸ್ಸು 61. ಮೆಲ್ಬರ್ನಿನಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆಯಾಯಿತು. ಮರುತಿಂಗಳ ಬ್ಯಾಥರ್ಸ್ಟ್ ಪಂದ್ಯಕ್ಕೆ ಅವನ ಹೆಸರಿನ ಪಾರಿತೋಷಕವನ್ನಿಟ್ಟರು. ಅದನ್ನು ಮೊದಲು ಎತ್ತಿದವರಲ್ಲಿ ಒಬ್ಬ ಅವನ ಕೈಕೆಳಗೆ ಪಳಗಿದ ಕ್ರೇಗ್ ಲೌಂಡ್ಸ್. ಗೆದ್ದ ಕಾರು ಫೋರ್ಡ್. ಈಗ ಹೋಲ್ಡನ್ ಎಂಬ ಕಾರೇ ಇಲ್ಲ: 2017ರಲ್ಲಿ ಅಲ್ಲಿನ ಕಾರ್ಖಾನೆ ನಿಂತಿತು, 2020ರಲ್ಲಿ ಹೆಸರನ್ನೂ ಕೈಬಿಟ್ಟರು.

ಇಲ್ಲಿ, ಮನೆಯಲ್ಲಿ ಹೇಳದ ಒಂದು ಸಂಗತಿಯನ್ನು ಬರೆಯಬೇಕು. ಕಂಬದ ಪ್ರಕರಣವಾಗಿ ಹದಿನೈದು ದಿನಕ್ಕೆ, ಮಾರುಕಟ್ಟೆಯಿಂದ ಬರುವಾಗ ಅಡ್ಡರಸ್ತೆಯಿಂದ ಒಬ್ಬ ಹುಡುಗ ಸೈಕಲ್ಲಿನ ಮೇಲೆ ಬಂದ. ನಾನು ಅವನನ್ನು ನೋಡಿದೆ. ನೋಡಿದ್ದಕ್ಕೂ ಕಾಲು ಬ್ರೇಕಿಗೆ ಹೋದದ್ದಕ್ಕೂ ನಡುವೆ ಏನೋ ಒಂದು ಖಾಲಿ ಜಾಗವಿತ್ತು. ಹಿಂದೆಂದೂ ಅದು ಇರಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರಕ್ಕೂ ನನ್ನ ಬಂಪರಿಗೂ ಒಂದು ಗೇಣು ಅಂತರ ಉಳಿಯಿತು. ಹುಡುಗ ತಿರುಗಿ ನೋಡಿ ನಕ್ಕು ಹೋದ. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಹಳ ಹೊತ್ತು ಕುಳಿತಿದ್ದೆ. ಮನೆಗೆ ಬಂದು, ತರಕಾರಿ ದುಬಾರಿಯೆಂದು ಮಾತ್ರ ಹೇಳಿದೆ.

ವಸ್ತುಸಂಗ್ರಹಾಲಯದಿಂದ ಹೊರಬಂದಾಗ ಮಗ ತನ್ನ ಕಾರಿನ ಬೀಗದ ಕೈಯನ್ನು ನನ್ನ ಮುಂದೆ ಹಿಡಿದು, "ಒಂದು ಸುತ್ತು ನೀವು ಓಡಿಸಿ, ಅಣ್ಣ" ಎಂದ. ನಮ್ಮ ಲೈಸೆನ್ಸು ಅಲ್ಲಿ ಪ್ರವಾಸಿಗೆ ನಡೆಯುತ್ತದೆ. ರಸ್ತೆಯ ಎಡಕ್ಕೆ ಹೋಗುವುದೂ ನಮ್ಮಂತೆಯೇ. ಬೇಡವೆನ್ನಬೇಕೆಂದಿದ್ದೆ. ಕೈ ಆಗಲೇ ಚಾಚಿತ್ತು.

ಗುಡ್ಡವನ್ನು ನಲವತ್ತರಲ್ಲಿ ಏರಿದೆ. ನೆತ್ತಿಯಲ್ಲಿ ಕೆಳಗಿನ ಊರೂ ಬಯಲೂ ಬಿಚ್ಚಿಕೊಂಡವು. ನಾನು ರಸ್ತೆಯನ್ನಷ್ಟೇ ನೋಡಿದೆ. ಇಳಿಜಾರು ಶುರುವಾದಲ್ಲಿ ರಸ್ತೆ ಕಾಲ ಕೆಳಗಿನಿಂದ ಜಾರಿ ಹೋದಂತಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಗೋಡೆಯ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ನನ್ನಾಕೆ ವಿಷ್ಣು ಸಹಸ್ರನಾಮದಲ್ಲಿ ಎಷ್ಟನೆಯ ಹೆಸರಿನಲ್ಲಿದ್ದಳೋ ತಿಳಿಯದು. ಕೊನೆಯ ಎಡತಿರುವಿನಲ್ಲಿ ಪಕ್ಕಕ್ಕೆ ಕಣ್ಣು ಹೊರಳಿತು. ಮಗ ಮುಗುಳ್ನಗುತ್ತಲೇ ಇದ್ದ. ಅವನ ಬಲಗಾಲು ಮಾತ್ರ ಇಲ್ಲದ ಬ್ರೇಕೊಂದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅವನಿಗೆ ಹದಿನೆಂಟಾದಾಗ, ಮೈದಾನದಲ್ಲಿ ನಾನು ಅವನಿಗೆ ಕಾರು ಕಲಿಸುವಾಗ ನನ್ನ ಕಾಲು ಹೀಗೆಯೇ ಇರುತ್ತಿತ್ತು.

ಕೆಳಗಿಳಿದು, ಪ್ರತಿಮೆಯ ಎದುರು ನಿಲ್ಲಿಸಿ ಗಡಿಯಾರ ನೋಡಿದೆ. ಹತ್ತು ನಿಮಿಷವಾಗಿತ್ತು. ಬೀಗದ ಕೈಯನ್ನು ಮಗನಿಗೆ ಕೊಟ್ಟೆ. ಸಂಜೆ ಪೆಟ್ಟಿಗೆ ತೆರೆದು, ಬೆಂಗಳೂರಿನಿಂದ ತಂದಿದ್ದ ಇನ್ನೊಂದನ್ನು ತೆಗೆದು ಅವನ ತಾಯಿಯ ಕೈಗಿಟ್ಟೆ. ಇದೇಕೆ ಇಲ್ಲಿಗೆ ತಂದಿರಿ ಎಂದು ಕೇಳಿ, ಅವಳು ಅದನ್ನು ತನ್ನ ಪರ್ಸಿನಲ್ಲಿ ಹಾಕಿಕೊಂಡಳು.