ಹಳದಿ ಚೌಕಟ್ಟಿನೊಳಗಿನ ಕನ್ನಡ

ಥಾಣೆಯಿಂದ ವಾಶಿಯ ಕಡೆಗೆ ಹೊರಡುವ ಲೋಕಲ್ ಗಾಡಿಗೆ ಬಹುಕಾಲ ಮೊದಲನೆಯ ನಿಲ್ದಾಣ ಐರೋಲಿಯೇ ಆಗಿತ್ತು. ಆ ಹಾದಿ 2004ರಲ್ಲಿ ತೆರೆದಂದಿನಿಂದ ಡೊಂಬಿವಲಿ, ಕಲ್ಯಾಣಗಳಿಂದ ಬಂದು ಥಾಣೆಯಲ್ಲಿ ಗಾಡಿ ಬದಲಿಸುವವರ ಕಾಲುಗಳು ಕಲಿತಿದ್ದ ಪಾಠವದು: ಗಾಡಿ ಮೊದಲ ಸಲ ನಿಂತಿತೆಂದರೆ ಇಳಿಯತಕ್ಕದ್ದು. 2024ರ ಜನವರಿಯಲ್ಲಿ ನಡುವೆ ದಿಘಾ ಗಾಂವ್ ನಿಲ್ದಾಣ ಬಂದಿತು. ಅಲ್ಲಿಯವರಿಗೆ ದೊಡ್ಡ ಅನುಕೂಲವಾಯಿತು. ಆದರೆ ಅರೆನಿದ್ದೆಯಲ್ಲಿ ಎದ್ದು ಬಾಗಿಲ ತನಕ ಹೋಗಿ, ಫಲಕ ನೋಡಿ, ಪೆಚ್ಚು ನಗೆ ನಕ್ಕು ಹಿಂದಿರುಗುವವರನ್ನು ಕೆಲವು ವಾರ ದಿನವೂ ಕಂಡೆ. ಅಷ್ಟರಲ್ಲಿ ಅವರ ಜಾಗ ಇನ್ನೊಬ್ಬರದಾಗಿರುತ್ತಿತ್ತು, ಆ ಮಾತು ಬೇರೆ. ಹಾದಿ ಕೆಟ್ಟಿರಲಿಲ್ಲ, ಗಾಡಿ ಕೆಟ್ಟಿರಲಿಲ್ಲ. ಅವಕ್ಕೆ ನಾವು ಅಂಟಿಸಿಕೊಂಡಿದ್ದ ರೂಢಿ ಮಾತ್ರ ಕೆಟ್ಟಿತ್ತು.

ಕಂಪ್ಯೂಟರಿನ ಲೋಕದಲ್ಲಿ ಇಂತಹದು ತಿಂಗಳಿಗೊಮ್ಮೆ ನಡೆಯುತ್ತದೆ. ಐರೋಲಿಯ ಒಂದು ಕಚೇರಿಯಲ್ಲಿ ಪ್ರೋಗ್ರಾಂ ಬರೆದು ಜೀವನ ನಡೆಸುವವಳು ನಾನು. ಈ ಬರಹಕ್ಕೆ ಬೇಕಾದ ಉಪಕರಣದ ಹೆಸರು ಕೋಡ್ ಎಡಿಟರ್. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಬರೆದು ತಿದ್ದುವ ಪಾಟಿ ಎಂದು ತಿಳಿದುಕೊಂಡರೆ ಸಾಕು. ಅದಕ್ಕೆ ಎಕ್ಸ್‌ಟೆನ್ಷನ್ ಎಂಬ ಚಿಕ್ಕ ಚಿಕ್ಕ ಜೋಡಣೆಗಳುಂಟು: ಒಂದು ಕಾಗುಣಿತ ನೋಡುತ್ತದೆ, ಒಂದು ಬಣ್ಣ ಹಚ್ಚುತ್ತದೆ, ಒಂದು ಸಾಲುಗಳನ್ನು ಒಪ್ಪವಾಗಿ ಕೂರಿಸುತ್ತದೆ. ಗೃಹಿಣಿಯರಿಗೆ ಹೇಳುವುದಾದರೆ ಎಡಿಟರು ಮಿಕ್ಸಿ, ಇವು ಅದರ ಜಾರುಗಳು. ಆದರೆ ಮಿಕ್ಸಿ ಮಾಡಿದವರೊಬ್ಬರು, ಒಂದೊಂದು ಜಾರು ಮಾಡಿದವರೂ ಬೇರೆ ಬೇರೆ. ಹೊಸ ಮಿಕ್ಸಿ ತಂದ ದಿನ ಹಳೆಯ ಚಟ್ನಿ ಜಾರು ಕೂರದೆ ಗಡಗಡ ಎಂದರೆ ಯಾರನ್ನು ಬಯ್ಯಬೇಕು ಹೇಳಿ?

ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿದ್ದ ಎಡಿಟರು ನಾಲ್ಕು ವರ್ಷಗಳಿಂದ ಅಪ್‌ಡೇಟ್ ಕಂಡಿರಲಿಲ್ಲ. ಏಳನೆಯ ತರಗತಿಯ ಮಗಳು ಅದರಲ್ಲೇ ಒಂದು ಆಟ ಬರೆಯುತ್ತಿದ್ದಳು. ಕಲ್ಯಾಣದಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿಯ ಚಿಕ್ಕ ಮಕ್ಕಳಿಗಾಗಿ ಆ ಆಟ: ಪರದೆಯ ಮೇಲೆ ಚಿತ್ರ ಬರುತ್ತದೆ, ಕೆಳಗಿನ ಪದಗಳಲ್ಲಿ ಸರಿಯಾದುದನ್ನು ಮುಟ್ಟಬೇಕು. ಪದಗಳನ್ನೆಲ್ಲ ಆರಿಸಿಕೊಟ್ಟವರು ಧಾರವಾಡದ ನಮ್ಮ ಅತ್ತೆಯವರು. 2024ರ ರಾಜ್ಯೋತ್ಸವಕ್ಕೆ ಆಟ ತೋರಿಸುವುದೆಂದು ಗೊತ್ತಾಗಿತ್ತು. ಅದಕ್ಕೆ ನಾಲ್ಕು ದಿನ ಉಳಿದಿರುವಾಗ ಎಡಿಟರು ಹೊಸದಾಯಿತು.

ಸಂಜೆ ನಾನು ಮನೆಗೆ ಬರುವಾಗ ಅಜ್ಜಿ ಮೊಮ್ಮಗಳಿಬ್ಬರೂ ಪರದೆಯ ಮುಂದೆ ಸಪ್ಪಗೆ ಕೂತಿದ್ದರು. ಕನ್ನಡದ ಒಂದೊಂದು ಅಕ್ಷರಕ್ಕೂ ಸುತ್ತ ಹಳದಿ ಚೌಕಟ್ಟು. ಜೊತೆಗೆ ಎಕ್ಸ್‌ಟೆನ್ಷನ್ನುಗಳಲ್ಲಿ ಮುಕ್ಕಾಲು ಪಾಲು ಮಂಕಾಗಿ ಮಲಗಿದ್ದವು.

“ಅಮ್ಮಾ, ಕನ್ನಡ ಬರೆದದ್ದೇ ತಪ್ಪಂತೆ” ಎಂದಳು ಮಗಳು.

“ಏನವ್ವಾ ಇದು, ನಮ್ಮ ಅಕ್ಷರಕ್ಕೆಲ್ಲಾ ಬೇಲಿ ಹಾಕ್ಯಾರಲ್ಲ! ಏನ್ ತಪ್ಪ್ ಮಾಡ್ಯಾವ ಅವು?” ಎಂದರು ಅತ್ತೆಯವರು.

ಎದುರುಮನೆಯ ಹುಡುಗ ಇಂಜಿನಿಯರಿಂಗ್ ಓದುವವನು, ಪರೋಪಕಾರಿ. ಅವನು ಆಗಲೇ ಉಪಾಯ ಹೇಳಿ ಹೋಗಿದ್ದನಂತೆ: ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ, ಹತ್ತು ನಿಮಿಷದ ಕೆಲಸ, ಹೇಗೂ ಈ ಮಕ್ಕಳಿಗೆ ಅದೇ ಸುಲಭ. ಇಂತಹ ಉಪಾಯ ಕೇಳಿದಾಗ ನನಗೆ ಕೋಪಕ್ಕಿಂತ ಭಯವಾಗುತ್ತದೆ, ಏಕೆಂದರೆ ಅದು ಬಹಳ ಸುಲಭ. ಬಿ, ಎ, ಎಲ್, ಇ ಎಂದು ಬರೆದು ನೋಡಿ. ಅದು ಮೀನು ಹಿಡಿಯುವ ಬಲೆಯೊ, ಕೈಗೆ ತೊಡುವ ಬಳೆಯೊ, ಊಟಕ್ಕೆ ಹಾಕುವ ಬಾಳೆಯೊ? ಊರಿನಲ್ಲಿ ಬೆಳೆದವರು ಸಂದರ್ಭ ನೋಡಿ ಊಹಿಸಿಯಾರು. ಕಲ್ಯಾಣದಲ್ಲಿ ಹುಟ್ಟಿ, ಮನೆಯ ಹೊರಗೆ ಕನ್ನಡವನ್ನೇ ಕೇಳದ ಮಗುವಿಗೆ ಆ ಮೂರು ಚಿತ್ರಗಳ ಕೆಳಗೂ ಒಂದೇ ಪದ. ಲಕಾರ ಳಕಾರಗಳು ಒಮ್ಮೆ ಕಲಸಿಹೋದರೆ ಮತ್ತೆ ಬಿಡಿಸುವವರು ಯಾರು? ಹಾಗಾಗಿ, ಆಟ ನಿಂತರೂ ಸರಿ, ಪದಗಳು ಕನ್ನಡದಲ್ಲೇ ಇರಲಿ ಎಂದು ತೀರ್ಮಾನಿಸಿ ಕಾರಣ ಹುಡುಕಲು ಕುಳಿತೆ.

ಹಳದಿ ಬೇಲಿಯ ಗುಟ್ಟು ಬೇಗನೆ ಬಿಟ್ಟಿತು. ಹೊಸ ಎಡಿಟರು ಕಡತಗಳ ಚೀಲ ತೆರೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಬರೆದವರನ್ನು ನೀವು ನಂಬುತ್ತೀರಾ? ಗುರುತಿಲ್ಲದವರು ಏನು ಕೇಳಿದರೂ ಬೇಡ ಎನ್ನಬೇಕೆಂದು ಮನೆಯಲ್ಲಿ ಕಲಿಸಿದ್ದೇವಲ್ಲ, ಹುಡುಗಿ ಚಾಚೂ ತಪ್ಪದೆ ‘ಇಲ್ಲ’ ಒತ್ತಿದ್ದಳು. ತಾನೇ ಬರೆದದ್ದು! ನಂಬಿಕೆ ಇಲ್ಲವೆಂದ ಮೇಲೆ ಎಡಿಟರು ಕಾವಲಿಗೆ ನಿಂತಿತು: ಎಕ್ಸ್‌ಟೆನ್ಷನ್ನುಗಳನ್ನು ತಡೆಯಿತು, ಇಂಗ್ಲಿಷಿನದಲ್ಲದ ಪ್ರತಿ ಅಕ್ಷರವನ್ನೂ ಅನುಮಾನದಿಂದ ಗುರುತು ಮಾಡಿತು.

ಈ ಅನುಮಾನ ಕೇವಲ ಒಣ ಜಂಬವಲ್ಲ. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್, ರಾಸ್ ಆಂಡರ್ಸನ್ ಎಂಬಿಬ್ಬರು ಒಂದು ಮೋಸದ ದಾರಿಯನ್ನು ಬಯಲು ಮಾಡಿದರು. ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ ಇಟ್ಟಿರುವ ಕಣ್ಣಿಗೆ ಕಾಣದ ಗುರುತುಗಳನ್ನು ನಡುವೆ ತೂರಿಸಿದರೆ, ಮನುಷ್ಯ ಓದುವುದೊಂದು, ಕಂಪ್ಯೂಟರು ನಡೆಸುವುದು ಇನ್ನೊಂದು ಆಗಬಲ್ಲದು. ಒಂದು ಲಿಪಿಯ ಅಕ್ಷರದ ಜಾಗದಲ್ಲಿ ಅದನ್ನೇ ಹೋಲುವ ಇನ್ನೊಂದು ಲಿಪಿಯ ಅಕ್ಷರ ಇಟ್ಟೂ ವಂಚಿಸಬಹುದು. ನಮ್ಮ ಸೊನ್ನೆಯನ್ನೇ ನೋಡಿ: ‘ಅಂಬಾರಿ’ಯ ಬಿಂದು ಇಂಗ್ಲಿಷಿನ ಚಿಕ್ಕ ‘ಓ’ ಅಕ್ಷರಕ್ಕೆ ಅಣ್ಣತಮ್ಮನಂತಿದೆ. ಯೂನಿಕೋಡ್ ಸಂಸ್ಥೆಯವರ ‘ಕಣ್ಣು ತಪ್ಪಿಸುವ ಅಕ್ಷರಗಳ’ ಪಟ್ಟಿಯಲ್ಲಿ ಅದರ ಹೆಸರೂ ಉಂಟು. ಬಡಾವಣೆಗೆ ಹೊಸ ವಾಚ್‌ಮನ್ ಬಂದಾಗ ಹತ್ತು ವರ್ಷದ ನಿವಾಸಿಯನ್ನೂ ತಡೆದು ಎಲ್ಲಿಗೆಂದು ಕೇಳುವುದಿಲ್ಲವೆ? ಕೇಳಲಿ. ಕಾವಲನ್ನೇ ಕಿತ್ತೆಸೆಯಬೇಕಾಗಿಲ್ಲ, ಈ ಚೀಲ ನಮ್ಮದೆಂದು ಹೇಳಿದರಾಯಿತು. ಹೇಳಿದೆವು, ಬೇಲಿ ಮಾಯವಾಯಿತು, ಎಕ್ಸ್‌ಟೆನ್ಷನ್ನುಗಳು ಕಣ್ತೆರೆದವು.

ಆದರೆ ನಿಜವಾದ ಪೀಡೆ ಆಗ ತಲೆಯೆತ್ತಿತು. ‘ಸ್ತ್ರೀ’, ‘ರಾಷ್ಟ್ರ’, ‘ಅಕ್ಕ’ ಎಂಬ ಪದಗಳು ಒಡೆದು ಕಂಡವು. ಒತ್ತಕ್ಷರ ಒಂದು ಕಡೆ, ತಲೆಕಟ್ಟು ಒಂದು ಕಡೆ. ಸಂತೆಯಲ್ಲಿ ಕೈತಪ್ಪಿದ ಮಕ್ಕಳಂತೆ.

ಇಂತಹಲ್ಲಿ ಅವಸರದವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕುತ್ತಾರೆ. ನನಗೆ ಆ ಕ್ರಮ ಸೇರದು. ರೋಗ ಹೋದರೂ ಯಾವ ರೋಗವೆಂದು ತಿಳಿಯುವುದಿಲ್ಲ, ಮರುವಾರ ಮತ್ತೆ ಹಾಜರು. ಮೊದಲು ಎಲ್ಲ ಎಕ್ಸ್‌ಟೆನ್ಷನ್ನುಗಳನ್ನೂ ನಿಲ್ಲಿಸಿ ನೋಡಿದೆವು. ಅಕ್ಷರ ಕೂಡಿಕೊಂಡವು. ಎಂದರೆ ಮಿಕ್ಸಿಯಲ್ಲಿ ದೋಷವಿಲ್ಲ, ಯಾವುದೋ ಜಾರಿನಲ್ಲಿದೆ. ಇದ್ದ ಜಾರುಗಳು ಇಪ್ಪತ್ತನಾಲ್ಕು. ಒಂದೊಂದಾಗಿ ನೋಡುತ್ತ ಹೋದರೆ ಕಳ್ಳ ಕೊನೆಯವನೇ ಆಗಿದ್ದಾನು. ಅದಕ್ಕೆ ಬದಲು ಅರ್ಧ ಮಾಡುವುದು ಲೇಸು. ಹನ್ನೆರಡನ್ನು ನಿಲ್ಲಿಸಿ, ಹನ್ನೆರಡನ್ನು ನಡೆಯಗೊಡಿ. ದೋಷ ಕಂಡಿತೆ? ಹಾಗಾದರೆ ನಡೆಯುತ್ತಿರುವ ಗುಂಪಿನಲ್ಲಿದೆ. ಕಾಣದಿದ್ದರೆ ನಿಂತ ಗುಂಪಿನಲ್ಲಿದೆ. ಹನ್ನೆರಡು ಆರಾಗುತ್ತದೆ, ಆರು ಮೂರಾಗುತ್ತದೆ. ಹೆಚ್ಚೆಂದರೆ ಐದು ಸಲದಲ್ಲಿ ಸಿಕ್ಕಿಬೀಳಬೇಕು. ಎಡಿಟರಿನಲ್ಲಿಯೇ ಹೀಗೆ ಅರ್ಧ ಮಾಡುತ್ತ, ‘ಈಗ ಸರಿಯೆ, ಇನ್ನೂ ತೊಂದರೆಯೆ’ ಎಂದು ಕೇಳುತ್ತ ಹೋಗುವ ಅನುಕೂಲವುಂಟು. ನಾವು ಕೈಯಿಂದಲೇ ಮಾಡಿದೆವು, ಏಕೆಂದರೆ ಅತ್ತೆಯವರು ಪಂಚಾಂಗದ ಹಿಂಬದಿಯಲ್ಲಿ ಪಟ್ಟಿ ಬರೆದುಕೊಂಡು ಒಂದೊಂದೇ ಹೆಸರು ಹೊಡೆಯುತ್ತ ಕೂತಿದ್ದರು. ಅವರಿಗೆ ಅಷ್ಟು ಹುರುಪು ಬಂದುದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ನಾಲ್ಕನೆಯ ಸರದಿಯಲ್ಲೇ ಸಿಕ್ಕಿತು: ಪದಗಳನ್ನು ಗುರುತಿಸಿ ಬಣ್ಣ ಹಚ್ಚುವ ಒಂದು ಜೋಡಣೆ. ಎಡಿಟರು ಹಳೆಯದಿದ್ದಾಗ ಅದೂ ಹಳೆಯ ಆವೃತ್ತಿಯಲ್ಲೇ ನಿಂತಿತ್ತು. ಎಡಿಟರು ಹೊಸದಾದೊಡನೆ ತಾನೂ ಹೊಸದಾಗಿತ್ತು. ಹೊಸ ಆವೃತ್ತಿಯಲ್ಲಿ ‘ಪದವೆಂದರೆ ಅಕ್ಷರಗಳ ಸಾಲು’ ಎಂದು ಯಾರೋ ಬರೆದಿದ್ದಾರೆ. ಕೇಳಲು ಸರಿಯೇ. ಆದರೆ ಯೂನಿಕೋಡಿನ ವಿಂಗಡಣೆಯಲ್ಲಿ ಕ, ತ, ರ ಮುಂತಾದುವು ಮಾತ್ರ ಅಕ್ಷರಗಳು. ದೀರ್ಘ, ಕೊಂಬು, ಸೊನ್ನೆ, ಒತ್ತನ್ನು ಹುಟ್ಟಿಸುವ ಹಲಂತ, ಇವೆಲ್ಲ ‘ಚಿಹ್ನೆ’ಗಳೆಂಬ ಬೇರೆ ವರ್ಗ. ಇಂಗ್ಲಿಷಿನ ನಿತ್ಯದ ಬರವಣಿಗೆಗೆ ಚಿಹ್ನೆಗಳ ಗೊಡವೆಯಿಲ್ಲ. ಕನ್ನಡದಲ್ಲಿ ಅವಿಲ್ಲದೆ ‘ಅಮ್ಮ’ ಎಂದೂ ಬರೆಯಲಾಗದು. ಆದ್ದರಿಂದ ಆ ಜೋಡಣೆ ಪ್ರತಿ ಚಿಹ್ನೆಯ ಬಳಿಯೂ ಪದ ಮುಗಿಯಿತೆಂದು ಭಾವಿಸಿ ಕತ್ತರಿ ಹಾಕುತ್ತಿತ್ತು. ದುರುದ್ದೇಶವೇನೂ ಇಲ್ಲ, ಬರೆದವರ ಮನಸ್ಸಿನಲ್ಲಿ ನಾವು ಇರಲಿಲ್ಲ, ಅಷ್ಟೆ.

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಆ ಜೋಡಣೆಯ ಹಿಂದಿನ ಆವೃತ್ತಿಯನ್ನೇ ಆರಿಸಿ ಹಾಕಿ, ಅದೊಂದು ತಾನಾಗಿ ಹೊಸದಾಗದಂತೆ ತಡೆದೆವು. ಎಡಿಟರು ಹೊಸದೇ ಇರಲಿ; ಅದರ ಭದ್ರತೆಯ ರಿಪೇರಿಗಳು ಬೇಕು. ಅನಂತರ ಆ ಅಪರಿಚಿತ ಕರ್ತೃವಿಗೆ ಮಗಳು ಇಂಗ್ಲಿಷಿನಲ್ಲಿ ಪತ್ರ ಬರೆದಳು. ಎಡಿಟರಿನ ಆವೃತ್ತಿ ಯಾವುದು, ಜೋಡಣೆಯ ಆವೃತ್ತಿ ಯಾವುದು, ಏನು ಮಾಡಿದರೆ ಏನು ಕಾಣುತ್ತದೆ, ಏನು ಕಾಣಬೇಕಿತ್ತು ಎಂದು ವಿವರಿಸಿ, ‘ಸ್ತ್ರೀ’ ಪದದ ಎರಡು ಚಿತ್ರ ಇಟ್ಟಳು. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದ ದೂರುಗಳು ನನ್ನ ಕಚೇರಿಯ ಮೇಜಿನ ಮೇಲೆ ದಿನವೂ ಬೀಳುತ್ತವೆ. ಆದುದರಿಂದ ಈ ಪತ್ರದ ಬೆಲೆ ನನಗೆ ಗೊತ್ತು.

ಭಾನುವಾರ ಕಲ್ಯಾಣದ ತರಗತಿಯಲ್ಲಿ ಬಲೆ, ಬಳೆ, ಬಾಳೆ ಮೂರೂ ಒಟ್ಟಿಗೆ ಬಂದವು. ಆರು ವರ್ಷದ ಪೋರನೊಬ್ಬ ಬಾಳೆಯ ಚಿತ್ರ ನೋಡಿ, “ಕೇಳಿ!” ಎಂದು ಮರಾಠಿಯಲ್ಲಿ ಕೂಗಿದ.

“ಏನು ಕೇಳಬೇಕಪ್ಪಾ?” ಎಂದರು ನಮ್ಮ ಅತ್ತೆಯವರು.

ಹುಡುಗ ತಬ್ಬಿಬ್ಬಾಗಿ ಅವರ ಮುಖ ನೋಡಿದ, ಪರದೆ ನೋಡಿದ, ಮೂರು ಪದಗಳ ಮೇಲೂ ಬೆರಳು ಓಡಿಸಿದ. ಅಕ್ಷರ ಕೂಡಿಸಿ ಓದುತ್ತ, ಮೂರನೆಯದರ ಮೇಲೆ ಬೆರಳೂರಿದ.