ಕುರ್ಚಿ ಜೋಡಿಸುವ ಕೈಗಳು

ಕಳೆದ ವರ್ಷ ನವೆಂಬರ್ ತಿಂಗಳಲ್ಲಿ ಅಂಬ್ಲಿಗೊಳ ಜಲಾಶಯದ ಆಚೆಗಿರುವ ಒಂದು ಹಳ್ಳಿಗೆ ಕುಟುಂಬ ಭೇಟಿಗೆಂದು ಹೋಗಿದ್ದೆ. ಆ ಊರಿನಲ್ಲಿ ನಮ್ಮವರದ್ದು ಒಂದೇ ಮನೆ. ಭತ್ತದ ಕೊಯ್ಲಿನ ದಿನಗಳಾದ್ದರಿಂದ ಮನೆಯ ಯಜಮಾನರು ಗದ್ದೆಗೆ ಹೋಗಿದ್ದರು. ಮನೆಯಲ್ಲಿದ್ದವರು ತಾಯಿ ಮತ್ತು ಒಂಬತ್ತನೇ ತರಗತಿಯ ಮಗಳು. ಪ್ರಾರ್ಥನೆ ಮುಗಿಸಿ, ಅವರು ಕೊಟ್ಟ ಕಾಫಿ ಕುಡಿಯುತ್ತಿರುವಾಗ ಆ ಹುಡುಗಿ ಸಮವಸ್ತ್ರ ಧರಿಸಿ ಹೊರಡಲು ಸಿದ್ಧಳಾಗಿದ್ದಳು. "ಫಾದರ್, ಇವತ್ತು ಮಕ್ಕಳ ಗ್ರಾಮ ಸಭೆ. ನಾನು ಮಾತಾಡ್ಬೇಕು. ನೀವೂ ಬನ್ನಿ" ಎಂದಳು. ಮುಂದಿನ ಮನೆಗೆ ತಲುಪಲು ಇನ್ನೂ ಸಮಯವಿದ್ದುದರಿಂದ ಅವಳೊಂದಿಗೆ ನಡೆದೆ.

ಸಣ್ಣದೊಂದು ಶಾಮಿಯಾನ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೇಜು, ಹಿರಿಯರಿಗೆ ಕುರ್ಚಿಗಳು. ಕೆಳಗೆ ಜಮಖಾನದ ಮೇಲೆ ಮಕ್ಕಳು. ಸ್ವಾಗತ, ಭಾಷಣ, ಮತ್ತೊಂದು ಭಾಷಣ ನಡೆದು ಮುಕ್ಕಾಲು ಗಂಟೆ ಸರಿದ ಮೇಲೆ ಮಕ್ಕಳ ಸರದಿ ಬಂದಿತು. ನಮ್ಮ ಹುಡುಗಿ ಎದ್ದುನಿಂತು, ಚೀಟಿಯನ್ನು ನೋಡದೆಯೇ ಹೇಳಿದಳು: "ನಮ್ಮೂರಿಂದ ಡ್ಯಾಮ್ ಕಾಣಿಸುತ್ತೆ ಸರ್. ಆದರೆ ನಮ್ಮ ಶಾಲೆಯ ಹುಡುಗಿಯರ ಶೌಚಾಲಯದಲ್ಲಿ ನೀರಿಲ್ಲ. ಅದಕ್ಕೇ ತಿಂಗಳಲ್ಲಿ ಮೂರ್ನಾಲ್ಕು ದಿನ ಕೆಲವರು ಶಾಲೆಗೇ ಬರಲ್ಲ."

ವೇದಿಕೆಯಲ್ಲಿದ್ದವರೊಬ್ಬರು ಮೃದುವಾಗಿಯೇ ಉತ್ತರಿಸಿದರು: "ಒಳ್ಳೆಯ ವಿಷಯ ಹೇಳಿದೆಯಮ್ಮ. ಬರೆದುಕೊಂಡಿದ್ದೇವೆ. ನೋಡೋಣ."

ಅವಳು ಕುಳಿತುಕೊಳ್ಳಲಿಲ್ಲ. "ಹೋದ ವರ್ಷಾನೂ ಬರ್ಕೊಂಡಿದ್ರಿ ಸರ್. ಅದೇ ಪುಸ್ತಕದಲ್ಲಿ ಉತ್ತರ ಏನು ಬರೆದಿದೆ ಅಂತ ಓದಿ ಹೇಳ್ತೀರಾ?"

ಶಾಮಿಯಾನದಲ್ಲಿ ಯಾರೂ ಮಾತನಾಡಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಎದೆಯಲ್ಲಿ ಮಾತ್ರ ಯಾರೋ ಬಾಗಿಲು ತಟ್ಟಿದಂತಾಯಿತು. ಏಕೆಂದರೆ, ಆ "ನೋಡೋಣ" ಎಂಬ ಮಾತು ನನಗೆ ಅಪರಿಚಿತವಾದುದಲ್ಲ. ಅನೇಕ ವರ್ಷಗಳಿಂದ ನಾನೇ ಅದನ್ನು ಆಡುತ್ತ ಬಂದಿದ್ದೇನೆ.

ಪ್ರಿಯ ಓದುಗರೇ, ಮಕ್ಕಳ ಗ್ರಾಮ ಸಭೆ ಎಂಬುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಅಲಂಕಾರವೇನಲ್ಲ. ಫ್ರಾನ್ಸ್ ದೇಶದ ಷಿಲ್ಟಿಗೈಮ್ ಎಂಬ ಪಟ್ಟಣದಲ್ಲಿ 1979ರಲ್ಲಿ ಮಕ್ಕಳ ಪುರಸಭೆಯೊಂದು ಆರಂಭವಾಗಿ, ಮುಂದೆ ಅನೇಕ ನಗರಗಳಲ್ಲಿ ಬಾಲಕರ ಹಾಗೂ ಯುವಜನರ ನಗರಸಭೆಗಳು ಹುಟ್ಟಿಕೊಂಡವು ಎಂಬುದು ನಿಜ. ಆದರೆ 1990ರ ದಶಕದಲ್ಲಿಯೇ ನಮ್ಮ ಕುಂದಾಪುರ ಸೀಮೆಯ ಕೆರಾಡಿಯಂತಹ ಹಳ್ಳಿಗಳಲ್ಲಿ 'ಮಕ್ಕಳ ಪಂಚಾಯತಿ' ಕಾಲೂರಿತ್ತು. 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ನೆರವಿನಿಂದ, ದುಡಿಯುವ ಮಕ್ಕಳೇ ಕಟ್ಟಿಕೊಂಡ 'ಭೀಮ ಸಂಘ'ದ ಅನುಭವದಿಂದ ಅದು ಬೆಳೆಯಿತು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಚುನಾಯಿಸಿದರು. ಊರಿನ ಸಂಗತಿಗಳನ್ನು ತಾವೇ ನೋಡಿ, ಕೇಳಿ, ಬರೆದಿಟ್ಟುಕೊಂಡು ಹಿರಿಯರ ಮುಂದೆ ಇಟ್ಟರು. ಅವರು ಕೇಳಿದ್ದೇನು? ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ. ದೊಡ್ಡವರು ಉದ್ದ ಕಾಲುಗಳಿಂದ ದಾಟಿಬಿಡುವ ನೀರು ಏಳು ವರ್ಷದ ಮಗುವಿಗೆ ಸೊಂಟದವರೆಗೆ ಬರುತ್ತದೆ ಎಂಬುದು ಆ ಮಗುವಿಗಲ್ಲದೆ ಇನ್ನಾರಿಗೆ ತಿಳಿದೀತು?

ಮಕ್ಕಳ ಮಾತಿಗೆ ಕಿವಿಗೊಡಬೇಕೆಂಬುದು ಕೇವಲ ಔದಾರ್ಯವೂ ಅಲ್ಲ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕೆಂದೂ, ವಯಸ್ಸು ಹಾಗೂ ಪ್ರೌಢತೆಗೆ ತಕ್ಕಂತೆ ಅದಕ್ಕೆ ಬೆಲೆ ಸಲ್ಲಬೇಕೆಂದೂ ಹೇಳುತ್ತದೆ. ಪವಿತ್ರ ಪೀಠವು 1990ರಲ್ಲಿಯೇ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು, ಭಾರತ 1992ರಲ್ಲಿ. ಮುಂದೆ 2006ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮ ಸಭೆಯನ್ನು ನಡೆಸಬೇಕೆಂದು ಆದೇಶಿಸಿತು. ಸಭೆ ನಡೆಯುವುದಷ್ಟೇ ಅದರ ಉದ್ದೇಶವಲ್ಲ. ಕಳೆದ ಸಭೆಯ ಬೇಡಿಕೆಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂದು ತಿಳಿಸುವುದಕ್ಕೆ ಕಚೇರಿಯ ಭಾಷೆಯಲ್ಲಿ 'ಅನುಪಾಲನಾ ವರದಿ' ಎನ್ನುತ್ತಾರೆ. ಆ ಹುಡುಗಿ ಕೇಳಿದ್ದು ಅದನ್ನೇ. ಅವಳಿಗೆ ಆ ದೊಡ್ಡ ಪದ ಗೊತ್ತಿರಲಿಲ್ಲ, ಅಷ್ಟೆ.

ಇನ್ನು ನನ್ನ ಸಂಗತಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಬಹಳ ಚುರುಕಾದ ಯುವಸಂಘವಿತ್ತು. ಕ್ರಿಸ್ಮಸ್ ಗೋದಲಿಯನ್ನು ಅವರೇ ಕಟ್ಟುತ್ತಿದ್ದರು. ಹಬ್ಬದ ದಿನ ತೋರಣ ಕಟ್ಟುವುದು, ಊಟ ಬಡಿಸುವುದು, ಕುರ್ಚಿ ಜೋಡಿಸುವುದು, ಕೊನೆಗೆ ಎಲ್ಲರೂ ಮನೆಗೆ ಹೋದ ಮೇಲೆ ಅವನ್ನು ಮಡಚಿಡುವುದು ಎಲ್ಲವೂ ಅವರ ಕೆಲಸ. "ನಮ್ಮ ಯುವಜನರು ಧರ್ಮಸಭೆಯ ಬೆನ್ನೆಲುಬು" ಎಂದು ನಾನು ಪ್ರಬೋಧನೆಯಲ್ಲಿ ಹೊಗಳುತ್ತಿದ್ದೆ. ಹಬ್ಬದ ಪೂರ್ವಸಿದ್ಧತೆಯ ಸಭೆಯೊಂದರಲ್ಲಿ ಹತ್ತೊಂಬತ್ತು ವರ್ಷದ ಯುವಕನೊಬ್ಬನು ಎದ್ದುನಿಂತು, "ಫಾದರ್, ಹೋದ ವರ್ಷದ ಹಬ್ಬದ ಲೆಕ್ಕ ನಮಗೂ ತೋರಿಸಬಹುದಾ?" ಎಂದು ಕೇಳಿದನು. ಹಿರಿಯರೊಬ್ಬರ ಮುಖ ಬಿಗಿಯಿತು. ಸಭೆಯನ್ನು ಹಗುರಗೊಳಿಸಬೇಕೆಂದು ನಾನು ನಕ್ಕು, "ನೀನು ಮೊದಲು ಕುರ್ಚಿಗಳ ಲೆಕ್ಕ ಸರಿಯಾಗಿ ನೋಡಿಕೋ ಮಗನೇ. ಹಣದ ಲೆಕ್ಕಕ್ಕೆ ಇನ್ನೂ ವಯಸ್ಸಾಗಬೇಕು" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕನು.

ಆ ವರ್ಷದ ಹಬ್ಬಕ್ಕೆ ಅವನು ಕುರ್ಚಿಗಳನ್ನು ಜೋಡಿಸಿದನು. ಮುಂದಿನ ವರ್ಷ ಬರಲಿಲ್ಲ. ಬಲಿಪೂಜೆಗೆ ಬರುವುದೂ ಕ್ರಮೇಣ ಕಡಿಮೆಯಾಗಿ, ಕೆಲಸಕ್ಕೆಂದು ಬೆಂಗಳೂರಿಗೆ ಹೊರಟುಹೋದನು. ಅವನ ಹಿಂದೆಯೇ ಸಂಘದ ಇನ್ನೂ ಕೆಲವರು ದೂರವಾದರು. "ಈಗಿನ ಯುವಜನರಿಗೆ ಆಸಕ್ತಿಯಿಲ್ಲ" ಎಂದು ನಾವು ಹಿರಿಯರು ಸಭೆಯಲ್ಲಿ ವಿಷಾದಿಸಿದೆವು. ನಿಜವಾಗಿ ಆ ಲೆಕ್ಕದಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಪುಸ್ತಕ ನನ್ನ ಕಪಾಟಿನಲ್ಲಿಯೇ ಇತ್ತು. ತೋರಿಸಲು ಐದು ನಿಮಿಷ ಸಾಕಾಗುತ್ತಿತ್ತು.

ಸಂವಿಧಾನದ 61ನೇ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದುದು 1989ರ ಮಾರ್ಚ್ ತಿಂಗಳಲ್ಲಿ. ಆಗ ನಾನು ಗುರುಮಠದ ವಿದ್ಯಾರ್ಥಿ. ಅದೇ ನವೆಂಬರಿನ ಚುನಾವಣೆಯಲ್ಲಿ ನನ್ನ ಬೆರಳಿಗೆ ಮೊದಲ ಬಾರಿ ಶಾಯಿ ಬಿದ್ದಾಗ ಎರಡು ದಿನ ಅದನ್ನೇ ನೋಡಿಕೊಂಡಿದ್ದೆ. ದೇಶದ ಆಡಳಿತವನ್ನು ಯಾರ ಕೈಗೆ ಕೊಡಬೇಕೆಂದು ಹದಿನೆಂಟರ ನನ್ನನ್ನು ರಾಷ್ಟ್ರವೇ ಕೇಳಿತ್ತು. ಅಂಥ ನಾನು, ಹತ್ತೊಂಬತ್ತರ ಯುವಕನಿಗೆ ಹಬ್ಬದ ಊಟದ ಲೆಕ್ಕ ನೋಡಲು ವಯಸ್ಸಾಗಿಲ್ಲವೆಂದೆ!

ಅಂದು ಆ ಸಭೆಯಿಂದ ಹಿಂದಿರುಗುವಾಗ ಶಿಕಾರಿಪುರ ತಾಲ್ಲೂಕಿನದೇ ಆದ ಈಸೂರು ನೆನಪಾಯಿತು. 1942ರ ಚಲೇಜಾವ್ ಚಳವಳಿಯ ದಿನಗಳಲ್ಲಿ ಆ ಊರು ತಾನು ಸ್ವತಂತ್ರವೆಂದು ಸಾರಿಕೊಂಡಿತು. ತಮ್ಮದೇ ಸರ್ಕಾರ ರಚಿಸಿ, ಜಯಣ್ಣನೆಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪನೆಂಬ ಬಾಲಕನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರು. ಕಾನೂನು ಎಳೆಯರನ್ನು ಶಿಕ್ಷಿಸಲಾರದೆಂಬ ಉಪಾಯ ಅದರ ಹಿಂದಿತ್ತೆನ್ನುತ್ತಾರೆ. ಆ ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ರಕ್ತ ಹರಿದ ಆ ದಿನವನ್ನು ಯಾರೂ ಹಗುರವಾಗಿ ನೆನೆಯಲಾರರು. ಆದರೆ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಅಲ್ಲಿ ಪದವಿ ಬಾಲಕರಿಗೆ ಹೋಯಿತು. ನೇಣು ದೊಡ್ಡವರ ಪಾಲಿಗೆ ಬಂದಿತು. ನಮ್ಮ ಸಂಘಗಳಲ್ಲಿ ನಡೆಯುವುದು ತಿರುಗುಮುರುಗು. ಪದವಿ ನಮ್ಮಲ್ಲಿಯೇ ಉಳಿಯುತ್ತದೆ. ಹೊರೆ ಎಳೆಯರ ಹೆಗಲಿಗೆ ಹೋಗುತ್ತದೆ.

ಇದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಕಲ್ಯಾಣದ ಅನುಭವ ಮಂಟಪಕ್ಕೆ ಬಂದ ಆ ತರುಣಿಯನ್ನು ಅಲ್ಲಮನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದನೆಂದೂ, ಅವಳ ಉತ್ತರಗಳಿಗೆ ಸಭೆಯೇ ತಲೆಬಾಗಿತೆಂದೂ ಪರಂಪರೆ ಹೇಳುತ್ತದೆ. ಅವಳ ಎಳೆವಯಸ್ಸನ್ನು ಯಾರೂ ಮುದ್ದಿಸಲಿಲ್ಲ; ಅವಳ ಮಾತನ್ನು ಯಾರೂ ನಕ್ಕು ತಳ್ಳಲಿಲ್ಲ. ಪ್ರಶ್ನೆಗೆ ಪ್ರಶ್ನೆ, ಉತ್ತರಕ್ಕೆ ಉತ್ತರ. ಯುವಜನರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ ಅಲ್ಲವೇ?

ಪವಿತ್ರ ಗ್ರಂಥದಲ್ಲಿ ಬಾಲಕ ಸಮುವೇಲನ ಕರೆಯನ್ನು ನಾವು ಅನೇಕ ಸಲ ಓದಿದ್ದೇವೆ. ಆದರೆ ವೃದ್ಧ ಏಲಿಯ ದೊಡ್ಡತನವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ರಾತ್ರಿ ಮೂರು ಸಲ ತನ್ನನ್ನು ಎಬ್ಬಿಸಿದ ಹುಡುಗನನ್ನು ಅವನು ಗದರಿಸಲಿಲ್ಲ. ಬೆಳಗಾದ ಮೇಲೆ ತಾನೇ ಅವನನ್ನು ಕರೆದು, ದೇವರು ಹೇಳಿದ್ದನ್ನು ಮುಚ್ಚಿಡಬೇಡವೆಂದನು. ಆ ಮಾತು ಏಲಿಯ ಸ್ವಂತ ಮನೆತನದ ವಿರುದ್ಧವೇ ಇತ್ತು. ಆದರೂ ಕೇಳಿದನು, ಒಪ್ಪಿಕೊಂಡನು. ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ ಮೂರನೆಯ ಅಧ್ಯಾಯದಲ್ಲಿ, ಮಹತ್ವದ ವಿಷಯಗಳಿಗೆ ಎಲ್ಲ ಸಹೋದರರನ್ನೂ ಸಲಹೆಗೆ ಕರೆಯಬೇಕು, ಏಕೆಂದರೆ ಉತ್ತಮವಾದುದನ್ನು ದೇವರು ಅನೇಕ ವೇಳೆ ಕಿರಿಯನಿಗೆ ತಿಳಿಸುತ್ತಾರೆ ಎಂಬ ಭಾವವನ್ನು ಬರೆದಿಟ್ಟಿದ್ದಾರೆ. ಸುಮಾರು ಸಾವಿರದೈನೂರು ವರ್ಷಗಳ ಹಿಂದಿನ ಮಾತಿದು. ನಮ್ಮ ಕಾಲದಲ್ಲಿ ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಯುವಜನರ ಕುರಿತಾಗಿಯೇ ಧರ್ಮಾಧ್ಯಕ್ಷರ ಸಿನೋದ್ ಕರೆದು, 2019ರಲ್ಲಿ 'ಕ್ರಿಸ್ತುಸ್ ವಿವಿತ್' ಎಂಬ ಪತ್ರವನ್ನು ಯುವಜನರಿಗೂ ಸಮಸ್ತ ದೇವಜನರಿಗೂ ಬರೆದರು. ಗುರುಮಠದಲ್ಲಿ ಕಲಿತದ್ದು, ಮುಂದೆ ಓದಿದ್ದು ಎಲ್ಲವೂ ನನ್ನ ತಲೆಯಲ್ಲಿತ್ತು. ಅದು ಕಿವಿಗೆ ಇಳಿಯಲು ಒಂಬತ್ತನೇ ತರಗತಿಯ ಹುಡುಗಿ ಬೇಕಾಯಿತು.

"ಹಾಗಾದರೆ ಯುವಕರು ಹೇಳಿದ್ದೆಲ್ಲ ಸರಿಯೇ? ರೆಹಬ್ಬಾಮನು ಯುವಕರ ಮಾತು ಕೇಳಿ ರಾಜ್ಯ ಕಳೆದುಕೊಳ್ಳಲಿಲ್ಲವೇ?" ಎಂದು ನಮ್ಮ ಪಾಲನಾ ಸಮಿತಿಯ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ರೆಹಬ್ಬಾಮನಿಗೆ ಸಲಹೆ ಕೊಟ್ಟವರು ಅರಮನೆಯಲ್ಲಿ ಅವನೊಂದಿಗೆ ಬೆಳೆದವರು. ನೊಗದ ಭಾರ ಅವರ ಹೆಗಲಿಗೆ ಗೊತ್ತಿರಲಿಲ್ಲ. ನೊಗ ಹೊತ್ತವರು ಹೊರಗೆ ನಿಂತು ಉತ್ತರಕ್ಕಾಗಿ ಕಾಯುತ್ತಿದ್ದರು. ಯುವಜನರು ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಕೆಲವೊಮ್ಮೆ ಉತ್ತರ 'ಆಗುವುದಿಲ್ಲ' ಎಂದೇ ಇರಬಹುದು. ಆದರೆ ಉತ್ತರವೊಂದು ಇರಬೇಕು, ಅದಕ್ಕೆ ಕಾರಣವೂ ಇರಬೇಕು. 'ನೋಡೋಣ' ಎಂಬುದು ಉತ್ತರವಲ್ಲ.

ಈಗ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಯುವಕನೊಬ್ಬನೂ ಯುವತಿಯೊಬ್ಬಳೂ ಕುಳಿತುಕೊಳ್ಳುತ್ತಾರೆ. ಪ್ರತಿ ಸಭೆಯ ಮೊದಲ ವಿಷಯವೇ ಅನುಪಾಲನಾ ವರದಿ. ಪವಾಡವೇನೂ ನಡೆದಿಲ್ಲ. ಯುವಜನರ ಮೊದಲ ಸಭೆಗೆ ಬಂದವರು ಮೂವರು. ಲೆಕ್ಕದ ಪುಸ್ತಕವನ್ನು ಮುಂದಿಟ್ಟಾಗ ಎರಡನೆಯ ಪುಟಕ್ಕೇ ಒಬ್ಬನು ಆಕಳಿಸಿದನು. ಆದರೆ ಮೂರನೆಯ ಸಭೆಗೆ ಹನ್ನೊಂದು ಜನ ಬಂದರು, ಮತ್ತು ಅವರ ಮಾತು ದೇವಾಲಯದ ಕಾಂಪೌಂಡನ್ನು ದಾಟಿ ಹೊರಗೆ ಹೋಯಿತು. ಊರಿನ ವೃದ್ಧಾಪ್ಯ ವೇತನ ನಿಂತುಹೋದ ಅಜ್ಜಿಯಂದಿರ ಪಟ್ಟಿ ಮಾಡಿದರು. ಜಾತಿ, ಮತ ನೋಡಲಿಲ್ಲ. ಆ ಪಟ್ಟಿಯನ್ನು ಹಿಡಿದು ಐವರು ಗ್ರಾಮ ಸಭೆಗೆ ಹೋದರು. ಅದುವರೆಗೆ ಗ್ರಾಮ ಸಭೆ ಎಂದರೆ ಮನೆ, ಸೈಟು ಬೇಕಾದವರು ಹೋಗುವ ಜಾಗವೆಂದೇ ಅವರು ತಿಳಿದಿದ್ದರಂತೆ.

ಆ ಹಳೆಯ ಯುವಕನಿಗೂ ದೂರವಾಣಿ ಮಾಡಿದೆ. ಈಗ ಅವನು ಎರಡು ಮಕ್ಕಳ ತಂದೆ. ಕ್ಷಮಿಸು ಎಂದು ಕೇಳಲು ನಾಲಿಗೆ ತಡವರಿಸಿತು. "ಅಯ್ಯೋ ಫಾದರ್, ಅದೆಲ್ಲ ಯಾವ ಕಾಲದ ಮಾತು" ಎಂದನು. ಸ್ವಲ್ಪ ಹೊತ್ತು ಬಿಟ್ಟು ಕೇಳಿದನು: "ಈಗ ಹಬ್ಬದ ಲೆಕ್ಕಾನ ನೋಟೀಸ್ ಬೋರ್ಡಿಗೆ ಹಾಕ್ತೀರಾ?" ಹಾಕುತ್ತೇವೆ ಎಂದೆ. "ಒಳ್ಳೇದಾಯ್ತು" ಎಂದನು. ಇಪ್ಪತ್ತು ವರ್ಷ ಅವನು ಮರೆತಿರಲಿಲ್ಲ.

ಕಳೆದ ತಿಂಗಳು ಮತ್ತೆ ಅಂಬ್ಲಿಗೊಳದ ದಾರಿಯಲ್ಲಿ ಹೋದಾಗ ಆ ಮನೆಗೆ ಹೋಗಿ ಬಂದೆ. ಹುಡುಗಿ ಈಗ ಹತ್ತನೇ ತರಗತಿ. ಶಾಲೆಯ ನೀರಿನ ವಿಷಯ ಕೇಳಿದೆ. "ಟ್ಯಾಂಕ್ ಬಂದಿದೆ ಫಾದರ್. ಪೈಪ್ ಇನ್ನೂ ಬಂದಿಲ್ಲ. ನವೆಂಬರ್‌ಗೆ ಕೇಳ್ತೀನಿ" ಎಂದಳು. ಅವಳ ತಾಯಿ, "ಪರೀಕ್ಷೆ ವರ್ಷ, ಓದ್ಕೊಳೇ ಅಂದ್ರೆ ಇವಳಿಗೆ ಪೈಪಿನ ಚಿಂತೆ" ಎಂದು ಗದರಿದರು. ಆದರೆ ಅವರ ದನಿಯಲ್ಲಿ ಹೆಮ್ಮೆ ಇತ್ತು.

ಪ್ರಿಯ ತಂದೆತಾಯಂದಿರೇ, ಹನ್ನೆರಡರ ಯೇಸು ಜೆರುಸಲೇಮಿನ ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತುಗಳನ್ನು ಆಲಿಸುತ್ತ, ಪ್ರಶ್ನೆಗಳನ್ನು ಕೇಳುತ್ತಿದ್ದುದನ್ನು ಸಂತ ಲೂಕನು ಬರೆದಿದ್ದಾನೆ. ಆ ಬೋಧಕರ ಹೆಸರು ನಮಗೆ ತಿಳಿಯದು. ಆದರೆ ಹಳ್ಳಿಯಿಂದ ಬಂದ ಬಾಲಕನನ್ನು ಅವರು ಹೊರಗಟ್ಟಲಿಲ್ಲ. ತಮ್ಮ ನಡುವೆ ಕೂರಲು ಬಿಟ್ಟರು. ನಮ್ಮ ಮನೆಯ ಊಟದ ವೇಳೆಯಲ್ಲಿ, ಧರ್ಮಕೇಂದ್ರದ ಸಭೆಯಲ್ಲಿ, ಊರಿನ ಪಂಚಾಯತಿಯಲ್ಲಿ ಎಳೆಯರೊಬ್ಬರು ಎದ್ದುನಿಂತು ಪ್ರಶ್ನೆ ಕೇಳಿದಾಗ ಆ ಬೋಧಕರನ್ನು ನೆನೆಯೋಣ. ಇಷ್ಟು ವರ್ಷ ನಮಗಾಗಿ ಕುರ್ಚಿ ಜೋಡಿಸಿದ ಆ ಕೈಗಳಿಗೆ, ಅವುಗಳಲ್ಲಿ ಒಂದನ್ನು ನಾವು ಎಳೆದು ಕೊಡೋಣ. ಕುಳಿತ ಮೇಲೆ ಅವರು ಕೇಳುವ ಪ್ರಶ್ನೆಗೆ ಉತ್ತರವನ್ನೂ ಕೊಡುವ ಮನಸ್ಸನ್ನು ಪ್ರಭುವು ನಮಗೆ ದಯಪಾಲಿಸಲಿ.